ಕಿತ್ತು ನೋಡು, ಆಮೇಲೆ ಹೇಳು

ಆಷಾಢದ ಕೊನೆಯ ಭಾನುವಾರ. ಡೊಂಬಿವಲಿಯಲ್ಲಿ ಬೆಳಗಿನಿಂದ ಬಿಟ್ಟೂ ಬಿಡದ ಮಳೆ. ಊರಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. ಚಿಕ್ಕನಾಯಕನಹಳ್ಳಿ ಕಡೆಯ ನಮ್ಮ ಒಂದೂವರೆ ಎಕರೆ ಹೊಲವನ್ನು ಈಗ ನೋಡಿಕೊಳ್ಳುವವನು ಅವನೇ. ಅಪ್ಪ ಹೋದ ಮೇಲೆ ಅವ್ವನನ್ನು ಇಲ್ಲಿಗೆ ಕರೆತಂದೆವು. ಹೊಲ ಮೂರು ವರ್ಷ ಬೀಳು ಬಿತ್ತು. ಈ ಸಲ ರಾಗಿ ಹಾಕ್ತೀನಿ ಅಂತ ಅವನೇ ಮುಂದೆ ಬಂದಿದ್ದ.

"ಅಣ್ಣ, ಎರಡು ಸಲ ರೋಟಾವೇಟರ್ ಹೊಡೆಸ್ದೆ. ಹದಿನೈದು ದಿನಕ್ಕೆ ಮತ್ತೆ ಹಸಿರಾಗೋಯ್ತು. ಅಂಗಡಿಯವನು ಕಳೆ ಔಷಧಿ ಹೊಡೀರಿ ಅಂತಾನೆ. ಫೋಟೊ ಕಳಿಸಿದ್ದೀನಿ, ನೋಡಿ ಹೇಳು. ದುಡ್ಡು ಹಾಕ್ತೀಯಾ?"

ಫೋಟೊ ನೋಡಿದೆ. ಕೆಂಪು ಮಣ್ಣು, ಅದರ ಮೇಲೆ ಹಸಿರು. "ಗರಿಕೆ ಕಣೋ" ಅಂದೆ. ಅಷ್ಟು ಸಲೀಸಾಗಿ ಹೇಳಿದ್ದಕ್ಕೆ ಕಾರಣವಿತ್ತು. ಗರಿಕೆ ಗೊತ್ತಿಲ್ಲದ ಕನ್ನಡಿಗ ಯಾರು? ಬೆನಕನ ತಲೆಯ ಮೇಲೆ ಸಿಕ್ಕಿಸಿದ್ದು, ಗಣಪನಿಗೆ ಇಪ್ಪತ್ತೊಂದು ಏರಿಸಿದ್ದು, ನಾಯಿ ಹೊಟ್ಟೆ ಕೆಟ್ಟಾಗ ಮೇಯುವುದನ್ನು ನೋಡಿದ್ದು, ಎಲ್ಲ ಇದೇ ಹುಲ್ಲು ತಾನೆ.

ಪಕ್ಕದಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅವ್ವ ಕೈ ನಿಲ್ಲಿಸಿದಳು. "ಫೋಟೊ ನೋಡಿ ಗರಿಕೆ ಅಂದ್ಯಾ? ಕಿತ್ತು ನೋಡಕ್ಕೆ ಹೇಳು, ಆಮೇಲೆ ಹೇಳು."

ಅವಳು ಹಾಗನ್ನುವುದಕ್ಕೂ ಕಾರಣವಿತ್ತು. ಹೋದ ವರ್ಷ ಗಣೇಶ ಚೌತಿಯ ಬೆಳಗ್ಗೆ ದಾದರ್ ಮಾರುಕಟ್ಟೆಗೆ ಹೋಗಲು ಸೋಮಾರಿತನವಾಗಿ, ನಮ್ಮ ಸೊಸೈಟಿಯ ಹಿಂದಿನ ನೀರಿನ ಟ್ಯಾಂಕಿನ ಪಕ್ಕದಿಂದ ಒಂದು ಹಿಡಿ 'ಗರಿಕೆ' ಕಿತ್ತು ತಂದಿದ್ದೆ. ಅವ್ವ ಅದನ್ನು ಮೊರದಲ್ಲಿ ಹರವಿ, ಕಲ್ಲು ಆರಿಸುವಂತೆ ಆರಿಸಿ ಎರಡು ಗುಡ್ಡೆ ಮಾಡಿದಳು. ಗಣಪನಿಗೆ ಸಂದದ್ದು ಚಿಕ್ಕ ಗುಡ್ಡೆ. ದೊಡ್ಡದನ್ನು ನನ್ನ ಕಡೆ ತಳ್ಳಿ "ಇದನ್ನ ಹಸುಗೆ ಹಾಕು" ಅಂದಳು. ಡೊಂಬಿವಲಿಯ ಮೂರನೇ ಮಹಡಿಯಲ್ಲಿ ಹಸು ಎಲ್ಲಿಂದ ಬರಬೇಕು!

ತಪ್ಪಿಗೆ ಸಮಾಧಾನವೆಂದರೆ, ಮಾರಲು ತರುವವರಿಗೂ ಹೀಗಾಗುತ್ತದೆ. ಹಬ್ಬದ ಹಿಂದಿನ ದಿನ ಕಟ್ಟು ಕಟ್ಟಿ ಮಾರುವ ದೂರ್ವಾ ಬಿಡಿಸಿ ನೋಡಿ. ಒಳ್ಳೆಯ ಕಟ್ಟುಗಳೇ ಹೆಚ್ಚು, ಆದರೆ ಅವಸರದಲ್ಲಿ ಕೊಯ್ದ ಕಟ್ಟಿನಲ್ಲಿ ಬೇರೆ ಎರಡು ಮೂರು ಜಾತಿ ಸೇರಿರುತ್ತವೆ. ಮಳೆಗಾಲದಲ್ಲಿ ಇವೆಲ್ಲ ಒಂದೇ ಚಾಪೆಯಾಗಿ ಹೆಣೆದುಕೊಂಡು ಬೆಳೆಯುತ್ತವೆ. ಕುಡುಗೋಲಿಗೆ ಜಾತಿ ಗೊತ್ತಾಗುವುದಿಲ್ಲ.

ಫೋನಿನ ಆ್ಯಪ್ ಇದೆಯಲ್ಲ ಅನ್ನುತ್ತೀರಿ. ನಾನೂ ತೆಗೆದೆ. ಒಂದೇ ಗಿಡದ ಮೂರು ಫೋಟೊಗೆ ಮೂರು ಹೆಸರು ಹೇಳಿತು. ಆ್ಯಪನ್ನು ಬೈದು ಫಲವಿಲ್ಲ. ಹೂವಿನ ಗಿಡಕ್ಕೆ ಹೂವೇ ಮುಖ. ಹುಲ್ಲಿಗೆ ಮುಖ ಎಲೆಯಲ್ಲಿಲ್ಲ. ಎಲೆ ಬಿಸಿಲಲ್ಲಿ ಗಿಡ್ಡ, ನೆರಳಲ್ಲಿ ಉದ್ದ, ತುಳಿದ ಕಡೆ ಒರಟು, ನೀರು ಸಿಕ್ಕ ಕಡೆ ನಯ. ಎಲೆಯ ಫೋಟೊ ನೋಡಿ ಹುಲ್ಲು ಗುರುತಿಸುವುದೆಂದರೆ ಚಪ್ಪಲಿ ನೋಡಿ ಆಸಾಮಿಯ ಹೆಸರು ಹೇಳಿದಂತೆ.

ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಾಗ ಅವ್ವ ಕೋಲು ಹಿಡಿದು "ಬಾ, ತೋರಿಸ್ತೀನಿ" ಅಂತ ನನ್ನನ್ನೇ ಟ್ಯಾಂಕಿನ ಹಿಂದಕ್ಕೆ ಕರೆದುಕೊಂಡು ಹೋದಳು. ಅವಳಿಗೆ 78. ಬಗ್ಗುವುದಾಗುವುದಿಲ್ಲ, ಕೋಲಿನ ತುದಿಯಿಂದ ತೋರಿಸಿದ್ದನ್ನು ನಾನು ಕೀಳಬೇಕು. ಆ ಅರ್ಧ ಗಂಟೆಯಲ್ಲಿ ಕಲಿತದ್ದನ್ನು, ಆಮೇಲೆ ಪುಸ್ತಕ ನೋಡಿ ಸೇರಿಸಿಕೊಂಡಿದ್ದನ್ನು ನಿಮಗೂ ಹೇಳುತ್ತೇನೆ. ಚೌತಿ ಹತ್ತಿರ ಬಂತು, ಉಪಯೋಗಕ್ಕೆ ಬರುತ್ತದೆ.

ಮೊದಲು ನೋಡಬೇಕಾದ್ದು ಗಿಡ ನಿಂತಿದೆಯೋ ನಡೆಯುತ್ತಿದೆಯೋ ಎಂದು. ಗರಿಕೆ ನಡೆಯುತ್ತದೆ. ನೆಲದ ಮೇಲೆ ಸಣ್ಣ ದಾರದಂತೆ ಹರಿದು, ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು, ಅಲ್ಲಿಂದ ಮತ್ತೊಂದು ಕುಡಿ ಎತ್ತಿ ಮುಂದೆ ಹೋಗುತ್ತದೆ. ಮೇಲಿನ ದಾರವನ್ನು ಮೆಲ್ಲಗೆ ಎಳೆದರೆ ಹೊಲಿಗೆ ಬಿಚ್ಚಿದ ಹಾಗೆ ಟಕ್ ಟಕ್ ಎಂದು ಒಂದೊಂದೇ ಗೆಣ್ಣು ಎದ್ದು ಬರುತ್ತದೆ. ಇದರ ಜೊತೆಗೆ ನೆಲದ ಒಳಗೂ ಅದಕ್ಕೆ ಇನ್ನೊಂದು ದಾರಿ ಇದೆ: ಬಿಳಿಯ, ಗಟ್ಟಿ, ಸಿಪ್ಪೆ ಸಿಪ್ಪೆಯಾದ ಕಾಂಡ, ತುದಿ ಸೂಜಿಯಂತೆ ಚೂಪು. ಅದು ಬೇರಲ್ಲ, ಮಣ್ಣಲ್ಲಿ ಹುದುಗಿರುವ ಕಾಂಡವೇ. ಮೇಲೂ ಓಡಿ ಒಳಗೂ ಓಡುವುದು ಗರಿಕೆಯ ಗುಣ.

ಆಮೇಲೆ ಕುಡಿ. ಗರಿಕೆಯ ಕಾಂಡದಲ್ಲಿ ಗೆಣ್ಣುಗಳ ಅಂತರ ಒಂದೇ ಸಮ ಇರುವುದಿಲ್ಲ. ಒಂದು ಉದ್ದ, ಅದರ ಬೆನ್ನಿಗೇ ತೀರ ಗಿಡ್ಡದ್ದು. ಹಾಗಾಗಿ ಎಲೆಗಳು ನಿಜಕ್ಕೂ ಒಂದಾದ ಮೇಲೊಂದು ಬಂದರೂ ಎದುರುಬದುರು ಜೋಡಿಯಂತೆ ಕಾಣುತ್ತವೆ. ಪೂಜೆಗೆ ಕೀಳುವ ಮೂರೆಲೆಯ ಕುಡಿ ಅಷ್ಟು ಅಂದವಾಗಿ ಬರುವುದು ಇದರಿಂದಲೇ: ಆಚೆ ಈಚೆ ಎರಡು ಎಲೆ, ನಡುವೆ ಒಂದು ಚೂಪು. ಎಲೆಯ ಅಗಲ 2ರಿಂದ 4 ಮಿಲಿಮೀಟರ್ ಅಷ್ಟೇ. ಎಲೆ ಕಾಂಡವನ್ನು ಬಿಟ್ಟು ಆಚೆ ತಿರುಗುವ ಜಾಗವಿದೆಯಲ್ಲ, ಅಲ್ಲಿ ಬೆಳಕಿಗೆ ಹಿಡಿದು ನೋಡಿದರೆ ಪುಟ್ಟ ಬಿಳಿ ಕೂದಲಿನ ಸಾಲು ಕಾಣುತ್ತದೆ, ಎರಡು ಬದಿಗೂ ಸ್ವಲ್ಪ ಉದ್ದ ಕೂದಲು. ನನಗೆ ಕನ್ನಡಕ ಹಾಕಿಕೊಂಡರೂ ಫೋನಿನ ಕ್ಯಾಮೆರಾ ಹಿಗ್ಗಿಸಿದ ಮೇಲೇ ಕಂಡಿದ್ದು. ಅವ್ವನಿಗೆ ಆ ಕೂದಲಿನ ವಿಷಯವೇ ಗೊತ್ತಿಲ್ಲ, ಅವಳಿಗೆ ಬೇಕಾಗಿಯೂ ಇಲ್ಲ.

ತೆನೆ ಬಂದಿದ್ದರೆ ಕೆಲಸ ಸುಲಭ. ಗರಿಕೆಗೆ ಸಣ್ಣ ಕಡ್ಡಿಯ ತುದಿಯಲ್ಲಿ ಒಂದೇ ಬಿಂದುವಿನಿಂದ ಹೊರಟ ಮೂರರಿಂದ ಆರು ಬೆರಳು, ಒಂದೊಂದೂ ನೂಲಿನಷ್ಟು ತೆಳು, ಉದ್ದ ಎರಡು ಇಂಚು ದಾಟುವುದು ಅಪರೂಪ. ಸೈನೋಡಾನ್ ಡ್ಯಾಕ್ಟಿಲಾನ್ ಎಂಬ ಅದರ ಶಾಸ್ತ್ರೀಯ ಹೆಸರಿನಲ್ಲಿ ಡ್ಯಾಕ್ಟಿಲಾನ್ ಎಂದರೆ ಈ ಬೆರಳೇ. ಸೈನೋಡಾನ್ ಎಂದರೆ ನಾಯಿಹಲ್ಲು. ಮಣ್ಣೊಳಗಿನ ಆ ಚೂಪು ಸಿಪ್ಪೆಗಳಿಗೆ ಇಟ್ಟ ಹೆಸರು. ಲಿನೇಯಸ್ 1753ರಲ್ಲಿ ಇದನ್ನು ಬೇರೆ ಕುಲಕ್ಕೆ ಸೇರಿಸಿ ಹೆಸರಿಟ್ಟಿದ್ದ. ಈಗಿನ ಹೆಸರು 1805ರಿಂದ ಬಂದದ್ದು. ಅಂದರೆ ವಿಜ್ಞಾನಿಗಳೂ ಗುರುತು ಹಿಡಿದದ್ದು ಬೆರಳಿನಿಂದ ಮತ್ತು ಕಿತ್ತು ನೋಡಿದ ಬುಡದಿಂದ. ನಮ್ಮವರೇನು ಕಡಿಮೆ? ಅಮರಕೋಶ ದೂರ್ವೆಗೆ ಕೊಡುವ ಹೆಸರುಗಳಲ್ಲಿ ಶತಪರ್ವಿಕಾ ಇದೆ, ನೂರು ಗೆಣ್ಣಿನದು. ಅನಂತಾ ಇದೆ, ಕೊನೆಯಿಲ್ಲದ್ದು. ಹೊಲ ಹಸನು ಮಾಡಿ ಸೋತವನೇ ಈ ಎರಡನೆಯದನ್ನು ಇಟ್ಟಿರಬೇಕು ಅಂತ ನನ್ನ ಅನುಮಾನ.

ಈಗ ವೇಷಧಾರಿಗಳ ವಿಷಯ. ನನ್ನ ಹೋದ ವರ್ಷದ ದೊಡ್ಡ ಗುಡ್ಡೆಯಲ್ಲಿ ಹೆಚ್ಚು ಇದ್ದದ್ದು ಅವ್ವ ಕಾಡುರಾಗಿ ಅನ್ನುವ ಹುಲ್ಲು. ಶಾಸ್ತ್ರೀಯ ಹೆಸರು ಎಲ್ಯುಸೈನ್ ಇಂಡಿಕಾ. ಎಲ್ಯುಸೈನ್ ನಮ್ಮ ರಾಗಿಯದೇ ಕುಲ. ಇದು ರಾಗಿಯ ಹತ್ತಿರದ ದಾಯಾದಿ. ಇದು ನಡೆಯುವುದಿಲ್ಲ, ಕೂತಲ್ಲೇ ಗುಂಪಾಗಿ ಬೆಳೆಯುತ್ತದೆ. ಬುಡ ಹಿಡಿದು ನೋಡಿ: ಯಾರೋ ಬೆರಳಲ್ಲಿ ಒತ್ತಿದ ಹಾಗೆ ಚಪ್ಪಟೆ, ಬೆಳ್ಳಗೆ. ಎಲೆ ಗರಿಕೆಗಿಂತ ಅಗಲ, ನಡುವೆ ಮಡಿಸಿದಂತೆ. ತೆನೆಯಲ್ಲೂ ಬೆರಳುಗಳಿವೆ, ಆದರೆ ದಪ್ಪ, ಹಸಿರು. ಎಷ್ಟೋ ಸಲ ಒಂದು ಬೆರಳು ಮಾತ್ರ ಉಳಿದವುಗಳಿಗಿಂತ ಕೆಳಗಿನಿಂದ, ನಮ್ಮ ಹೆಬ್ಬೆರಳಿನ ಹಾಗೆ, ಹೊರಟಿರುತ್ತದೆ. ಬರಗಾಲದಲ್ಲಿ ಬೆಳೆದ ರಾಗಿ ತೆನೆಯೇ ಅದು. ಎಳೆಯದರಲ್ಲಿ ರಾಗಿ ಪೈರಿಗೂ ಇದಕ್ಕೂ ವ್ಯತ್ಯಾಸ ಹೇಳುವುದು ಹಳೆಯ ಕೈಗಳಿಗೂ ಕಷ್ಟ. ಕೂರಿಗೆಯಲ್ಲಿ ಸಾಲಾಗಿ ಬಿತ್ತಿದ್ದರೆ, ಸಾಲಿನಲ್ಲಿದ್ದದ್ದು ರಾಗಿ, ಸಾಲು ತಪ್ಪಿದ್ದು ಕಳೆ ಅಂತ ತಿಳಿದು ಕೀಳುತ್ತಿದ್ದರಂತೆ.

ಇನ್ನೊಂದು ಹುಲ್ಲು ಇದಕ್ಕಿಂತ ಮೋಸಗಾರ. ಡ್ಯಾಕ್ಟಿಲೊಕ್ಟೇನಿಯಮ್ ಅಂತ ನಾಲಗೆ ಹೊರಳದ ಹೆಸರು; ಕೆಲವು ಕಡೆ ಕೋಣನತಲೆ ಹುಲ್ಲು ಅನ್ನುತ್ತಾರೆ. ಕೆಳಗಿನ ಗೆಣ್ಣುಗಳಲ್ಲಿ ಇದೂ ಬೇರು ಬಿಡುತ್ತದೆ, ಹಾಗಾಗಿ ನಡೆಯುವಂತೆಯೇ ಕಾಣುತ್ತದೆ. ಆದರೆ ಗರಿಕೆಗೆ ಇರುವ ಮಣ್ಣೊಳಗಿನ ಆ ಬಿಳಿ ದಾರ ಇದಕ್ಕಿಲ್ಲ. ಎಲೆಯ ಅಂಚಿನಲ್ಲಿ ಉದ್ದುದ್ದ ಕೂದಲು. ತೆನೆಯ ಬೆರಳು ಗಿಡ್ಡ, ದಪ್ಪ, ಒಂದೊಂದರ ತುದಿಯಲ್ಲೂ ಕಾಳಿಲ್ಲದ ಸಣ್ಣ ಮುಳ್ಳಿನಂಥ ಮೊನೆ. ಮೇಲಿನಿಂದ ನೋಡಿದರೆ ನಾಲ್ಕು ಕಡೆಗೆ ಚಾಚಿದ ಶಿಲುಬೆ ಅಥವಾ ಹಕ್ಕಿಯ ಪಾದ.

ಕೊನ್ನಾರಿ ಹುಲ್ಲೇ ಅಲ್ಲ, ಆದರೂ ಕಟ್ಟಿನಲ್ಲಿ ಬಂದುಬಿಡುತ್ತದೆ. ತೆನೆ ಹೊತ್ತ ಕಡ್ಡಿಯನ್ನು ಎರಡು ಬೆರಳಿನ ನಡುವೆ ಉರುಳಿಸಿ. ಉರುಳದೆ ಮೂರು ಮೂಲೆ ಕೈಗೆ ಸಿಕ್ಕಿದರೆ ಅದು ಕೊನ್ನಾರಿ. ಅಗೆದರೆ ಪರಿಮಳದ ಗಡ್ಡೆ ಸಿಗುತ್ತದೆ.

ಹಬ್ಬದ ಮಟ್ಟಿಗೆ ಇಷ್ಟು ಸಾಕು. ಪೂಜೆಗೆ ಒಂದು ಕಾಡುರಾಗಿ ಕುಡಿ ಸೇರಿಹೋದರೆ ಗಣಪ ಕೋಪಿಸಿಕೊಳ್ಳುವವನಲ್ಲ. ಹೊಲದ ಲೆಕ್ಕವೇ ಬೇರೆ.

ಸಂಜೆ ಅವ್ವ ತಾನೇ ಫೋನ್ ಮಾಡಿಸಿದಳು. ತಮ್ಮ ಹೊಲದಲ್ಲೇ ಇದ್ದ.

"ದೊಡ್ಡಮ್ಮ, ಏನ್ ಮಾಡ್ಲಿ?"

"ನಡೂ ಹೊಲಕ್ಕೆ ಹೋಗಪ್ಪ. ಒಂದು ಬುಡ ಹಿಡಿದು ಕೀಳು. ಇಡಿಯಾಗಿ ಬಂತಾ, ಹರೀತಾ?"

"ಇಡಿಯಾಗಿ ಬಂತು. ಬೇರು ಪೊರಕೆ ಆಗದೆ."

"ಬುಡ ದುಂಡಗಿದ್ಯಾ, ಚಪ್ಪಟೆನಾ?"

"ಚಪ್ಪಟೆ. ಬೆಳ್ಳಗದೆ."

"ಈಗ ಮೂಡ್ಲು ಬದುಗೆ ಹೋಗು. ಅಲ್ಲೊಂದು ಕೀಳು."

ಗಾಳಿಯ ಸದ್ದು, ನಡೆಯುವ ಸದ್ದು. ಮತ್ತೆ ಅವನ ದನಿ: "ಇಲ್ಲಿ ಹರೀತು ದೊಡ್ಡಮ್ಮ. ಒಳಗೆ ಬಿಳೀ ದಾರ ಹೋಗ್ಬಿಟ್ಟದೆ. ಎಳದ್ರೆ ಬರಲ್ಲ."

"ಬದುವಿಂದ ಎಷ್ಟು ದೂರ ಒಳಗೆ ಬಂದಿದೆ?"

"ಒಂದ್ ಐದಾರು ಮಾರು."

ಅವ್ವ ಫೋನ್ ನನ್ನ ಕೈಗೆ ಕೊಟ್ಟು, "ನಡುವೆ ಇರೋದು ಕಾಡುರಾಗಿ. ಗರಿಕೆ ಮೂಡ್ಲು ಕಡೆ ಮಾತ್ರ" ಅಂದಳು. ಎಂಟು ನೂರು ಕಿಲೋಮೀಟರಿಗೂ ಆಚೆ ಇರುವ ಹೊಲದಲ್ಲಿ ಗೆರೆ ಎಳೆದು ತೋರಿಸಿದಂತೆ ಇತ್ತು.

ಎರಡಕ್ಕೂ ಮಾಡಬೇಕಾದ್ದು ಪೂರ್ತಿ ಉಲ್ಟಾ. ಕಾಡುರಾಗಿ ಒಂದು ವರ್ಷದ ಗಿಡ, ಬೀಜದಿಂದ ಮಾತ್ರ ಬರುತ್ತದೆ. ಎಳೆಯದಿದ್ದಾಗ ಕುಂಟೆ ಹೊಡೆದು ಬುಡ ಕಿತ್ತು ಬಿಸಿಲಿಗೆ ಬಿಟ್ಟರೆ ಸತ್ತಿತು. ಕಾಳು ಉದುರಿಸಲು ಬಿಟ್ಟರೆ ಮಾತ್ರ ಮುಂದಿನ ವರ್ಷಕ್ಕೂ ಸಾಲ. ಗರಿಕೆಗೆ ಅದೇ ಕೆಲಸವನ್ನು ಮಳೆಗಾಲದಲ್ಲಿ ಮಾಡಿದರೆ ಬಿತ್ತನೆ ಮಾಡಿದ ಹಾಗೆ. ಗೆಣ್ಣಿರುವ ಒಂದೊಂದು ತುಂಡೂ ಒದ್ದೆ ಮಣ್ಣಲ್ಲಿ ಹೊಸ ಗಿಡ. ರೋಟಾವೇಟರ್ ಮಾಡುವುದೇ ತುಂಡರಿಸುವ ಕೆಲಸ. ಎರಡು ಸಲ ಹೊಡೆಸಿದ್ದರಲ್ಲಿ ಬದುವಿನ ಗರಿಕೆಯನ್ನು ಕೊಚ್ಚಿ, ಐದಾರು ಮಾರು ಒಳಗೆ ನಾವೇ ದುಡ್ಡು ಕೊಟ್ಟು ಹರಡಿಸಿದ್ದೆವು.

ಔಷಧಿಯ ವಿಷಯದಲ್ಲಿ ನಾನು ಮಡಿವಂತನಲ್ಲ. ಕೂಲಿಗೆ ಆಳು ಸಿಗದ ಊರಿನಲ್ಲಿ ಇರುವವನ ಕಷ್ಟ ಇಲ್ಲಿ ಫ್ಯಾನಿನ ಕೆಳಗೆ ಕೂತು ಬರೆಯುವವನಿಗೆ ಗೊತ್ತಾಗುವುದಿಲ್ಲ. ಆದರೆ ಈ ಹೊಲಕ್ಕೆ ಅದು ಎರಡು ಕಡೆಯೂ ದಂಡ ಆಗುತ್ತಿತ್ತು. ನಡುವಿನದಕ್ಕೆ ಒಂದು ಕುಂಟೆ ಸಾಕು. ಬದುವಿನದಕ್ಕೆ ಒಂದು ಸಲ ಹೊಡೆದರೆ ಮೇಲೆ ಒಣಗಿ, ಮಣ್ಣೊಳಗಿನ ದಾರದಿಂದ ಮತ್ತೆ ಚಿಗುರುತ್ತದೆ. ರಾಗಿ ಹುಟ್ಟಿದ ಮೇಲಂತೂ, ಹುಲ್ಲೆಲ್ಲ ಸಾಯಿಸುವ ಔಷಧಿಗೆ ರಾಗಿಯೂ ಹುಲ್ಲೇ.

ಕೊನೆಗೆ ಔಷಧಿಯ ದುಡ್ಡನ್ನು ಕೂಲಿಗೆ ಕಳಿಸಿದೆ. ಇಬ್ಬರು ಹೆಂಗಸರು, ಒಬ್ಬ ಗಂಡಸು, ಎರಡು ದಿನ. ಮೂಡಲ ಕಡೆಯ ಪಟ್ಟಿಯನ್ನು ಗುದ್ದಲಿಯಲ್ಲಿ ಅಗೆದು, ದಾರ ದಾರವಾಗಿ ಆಯ್ದು, ಬುಟ್ಟಿಯಲ್ಲಿ ಹೊತ್ತು ರಸ್ತೆ ಪಕ್ಕದ ಬಂಡೆಯ ಮೇಲೆ ಸುರಿದರು. ಬದುವಿನ ಮೇಲಿನದನ್ನು ಮುಟ್ಟಬೇಡಿ ಅಂದಳು ಅವ್ವ; ಅದು ಬದುವಿನ ಮಣ್ಣು ಹಿಡಿಯುತ್ತದೆ, ದನಕ್ಕೂ ಆಗುತ್ತದೆ. ಅವಳ ಲೆಕ್ಕದಲ್ಲಿ ಗರಿಕೆ ಕೆಟ್ಟದ್ದಲ್ಲ, ಬದು ಇಳಿದದ್ದು ತಪ್ಪು. ತಮ್ಮ ಗೊಣಗಿದ. ಎರಡು ದಿನದ ಕೂಲಿಯಲ್ಲಿ ಔಷಧಿ ತಂದು ಮಿಕ್ಕುತ್ತಿತ್ತು ಅಂದ. ಅವನು ಹೇಳಿದ್ದು ಸುಳ್ಳಲ್ಲ.

ಜಗತ್ತಿನ ಕೆಟ್ಟ ಕಳೆಗಳ ಬಗ್ಗೆ 1977ರಲ್ಲಿ ಹೋಮ್ ಮತ್ತು ಸಂಗಡಿಗರು ಬರೆದ ದೊಡ್ಡ ಪುಸ್ತಕವೊಂದಿದೆ. ಅದರ ಪಟ್ಟಿಯಲ್ಲಿ ಮೊದಲನೆಯದು ಕೊನ್ನಾರಿ, ಎರಡನೆಯದು ಗರಿಕೆ, ಐದನೆಯದು ಕಾಡುರಾಗಿ. ಮೊದಲ ಐದರಲ್ಲಿ ಮೂರು ನಮ್ಮ ಟ್ಯಾಂಕಿನ ಹಿಂದೆ ಎಂಟು ಹೆಜ್ಜೆ ಜಾಗದಲ್ಲಿವೆ. ತಮಾಷೆ ಏನೆಂದರೆ ಅದೇ ಸೊಸೈಟಿಯ ಮುಂಭಾಗದಲ್ಲಿ ಚದರಡಿ ಲೆಕ್ಕದಲ್ಲಿ ದುಡ್ಡು ಕೊಟ್ಟು ಹಾಸಿದ 'ಬರ್ಮುಡಾ ಲಾನ್' ಇದೆ. ಬರ್ಮುಡಾ ಅಂದರೆ ಗರಿಕೆಯೇ, ಅಥವಾ ಅದರ ಮಿಶ್ರತಳಿ. ಮಾಲಿ ಲಾನಿಗೆ ನೀರು ಹಾಕಿ, ಪಕ್ಕದ ಗುಲಾಬಿ ಪಾತಿಯಲ್ಲಿ ಕೂತು 'ಹರಳಿ' ಅಂತ ಅದನ್ನೇ ಕೀಳುತ್ತಾನೆ.

ಹರಳಿ ಮರಾಠಿ ರೈತರ ಮಾತು, ಪೂಜೆಗಾದರೆ ದೂರ್ವಾ. ದೆಹಲಿಯ ಓದುಗರಿಗೆ ಅದು ದೂಬ್. ಹೈದರಾಬಾದಿನವರಿಗೆ ಕಷ್ಟವೇ ಇಲ್ಲ, ತೆಲುಗಿನಲ್ಲೂ ಗರಿಕವೇ. ಚೆನ್ನೈಯಲ್ಲಿ ಅರುಗಂಪುಲ್, ಬೆಳಗಿನ ವಾಕಿಂಗ್ ಮಾಡುವವರಿಗೆ ಅದರ ರಸ ಮಾರುತ್ತಾರೆ. ರಸ ಕುಡಿಯುವ ಅಭ್ಯಾಸ ಇರುವವರಿಗೆ ಒಂದೇ ಮಾತು: ಹುಲ್ಲಿನ ಗುರುತು ಸರಿಯಿದ್ದರೂ ಅದು ಬೆಳೆದ ಜಾಗದ ಗುರುತು ಬೇಕು. ರೈಲ್ವೆ ಹಳಿಯ ಪಕ್ಕ, ಚರಂಡಿ ಅಂಚು, ಔಷಧಿ ಹೊಡೆಯುವ ಲಾನ್, ಇಲ್ಲಿನ ಗರಿಕೆಯನ್ನು ಬಾಯಿಗೆ ಇಡಬೇಡಿ. ಬಾಲ್ಕನಿಯಲ್ಲಿ ಒಂದು ಅಗಲ ಕುಂಡ ಸಾಕು. ನಾಲ್ಕು ಗೆಣ್ಣು ನೆಟ್ಟರೆ ಎರಡು ತಿಂಗಳಲ್ಲಿ ತುಂಬಿಕೊಳ್ಳುತ್ತದೆ. ಬಿಸಿಲು ಮಾತ್ರ ಬೇಕೇ ಬೇಕು, ನೆರಳಲ್ಲಿ ಸೊರಗುತ್ತದೆ. ಬೇರೆ ಗಿಡದ ಕುಂಡದಲ್ಲಿ ನೆಡಬೇಡಿ, ಆಮೇಲೆ ನನ್ನನ್ನು ಬೈಯುತ್ತೀರಿ.

ಮೊನ್ನೆ ತಮ್ಮ ಮತ್ತೆ ಫೋಟೊ ಕಳಿಸಿದ್ದ. ಶ್ರಾವಣದ ಮಳೆ ಹದವಾಗಿ ಬಿದ್ದಿದೆ, ರಾಗಿ ಸಾಲು ಹಿಡಿದು ಎದ್ದಿದೆ. ನಡು ಹೊಲ ಶುದ್ಧ. ಮೂಡಲ ಕಡೆಯ ಮೂರು ಸಾಲಿನಲ್ಲಿ ಮಾತ್ರ ರಾಗಿಯ ಮಧ್ಯೆ ಏನೋ ಸಣ್ಣಗೆ ತಲೆ ಎತ್ತಿದೆ. ಈ ಸಲ ನಾನು ಬಾಯಿ ಬಿಡಲಿಲ್ಲ. ಫೋನನ್ನು ಅವ್ವನ ಮುಂದೆ ಹಿಡಿದೆ.

"ಕಿತ್ತು ನೋಡೋದೇನೂ ಬೇಡ" ಅಂದಳು. "ಅದೇ. ತುಂಡು ಉಳಿದಿರ್ತದೆ."

"ಏನ್ ಮಾಡೋದವ್ವ?"

"ಈಗೇನೂ ಇಲ್ಲ. ರಾಗಿ ಎದ್ದು ನೆರಳು ಕೊಟ್ರೆ ಅದು ತಗ್ತದೆ. ಕೊಯ್ಲು ಆಗ್ಲಿ. ಬೇಸಿಗೇಲಿ ನೆಲ ಕಾದಾಗ ಆಳವಾಗಿ ಉತ್ತು, ಬೇರು ಮೇಲೆ ಹಾಕಿ ಒಣಗಿಸಿ, ಆಯ್ದು ಸುಡ್ಬೇಕು. ಆಯೋಕೆ ನಾನೇ ಹೋಗ್ತೀನಿ. ಅವರಿಗೆ ಗೊತ್ತಾಗಲ್ಲ."

"ಬಗ್ಗೋಕಾಗಲ್ಲ ನಿನಗೆ."

"ಕೋಲಲ್ಲಿ ತೋರಿಸ್ತೀನಿ. ನೀನು ಬಂದು ಆಯಿ."

ಅರಸೀಕೆರೆಗೆ ಎರಡು ಟಿಕೆಟ್ ತೆಗೆ ಅಂತ ಆವತ್ತಿನಿಂದ ದಿನಾ ಹೇಳುತ್ತಿದ್ದಾಳೆ. ರೈಲ್ವೆಯವರು 60 ದಿನ ಮುಂಚೆ ಮಾತ್ರ ಕೊಡುತ್ತಾರೆ, ಬೇಸಿಗೆಯದು ಈಗ ಸಿಗಲ್ಲ ಅಂತ ನಾನೂ ದಿನಾ ಹೇಳುತ್ತಿದ್ದೇನೆ.